ಇಳಿಜಾರಿನಲ್ಲಿ ಅಳದ ಕಾರು

ಕಮತಗಿ ದಾರಿಯ ಇಳಿಜಾರಿನಲ್ಲಿ ಕುರುಬರ ಮಲಕಪ್ಪನ ಹೆಣ ಬಿದ್ದಿತ್ತು. ಯಾವುದೋ ಗಾಡಿ ಹಿಂದಿನಿಂದ ಬಡಿದಿತ್ತು. ಕುರಿಗಳು ಸುತ್ತ ಮೇಯುತ್ತಿದ್ದವು. ಹೆಂಡತಿ ಮಾಯವ್ವ ಪಕ್ಕದಲ್ಲಿ ಕೂತಿದ್ದಳು. ಅಳಲಿಲ್ಲ. ಅವನ ಮುಖದ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ.

೧೯೫೪ರ ಚಳಿಗಾಲ. ಹುನಗುಂದದಿಂದ ಪೊಲೀಸ್ ಫೌಜದಾರ ಪಂಢರೀನಾಥರು ಸೈಕಲ್ ಮೇಲೆ ಬಂದರು. ಡಾಕ್ಟರ್ ಮಧುಸೂದನರನ್ನೂ ಕರೆಸಿದರು. ಹೋದ ವರ್ಷ ಫೌಜದಾರರ ಮಗಳನ್ನು ವಿಷಮಜ್ವರದಿಂದ ಉಳಿಸಿದವರು ಅವರೇ. ಡಾಕ್ಟರರ ಹಳೆಯ ಕಾರು ಅರ್ಧ ಹರದಾರಿ ದೂರದಿಂದಲೇ ಕೊಂಯ್ ಎಂದು ಅಳುತ್ತ ಬರುತ್ತಿತ್ತು. ಆ ಅಳು ಕೇಳಿದರೆ ಜನ, ದನ, ಕುರಿ ಎಲ್ಲ ದಾರಿ ಬಿಡುತ್ತಿದ್ದವು.

ಡಾಕ್ಟರು ಹೆಣ ನೋಡಿ ಕೈ ಒರೆಸಿಕೊಂಡರು.

"ಲಾರಿ ಬಡದದ. ಬಡದ ಕೂಡ್ಲೇ ಪ್ರಾಣ ಹೋಗ್ಯದ."

ಆ ಮುಂಜಾನೆ ಅಲ್ಲಿ ಹಾದ ಲಾರಿ ಒಂದೇ. ಇಳಕಲ್ಲಿನ ಕಲ್ಲು ಹೇರಿದ ನೀಲಪ್ಪನದು. ಸಂಜೆಯೊಳಗೆ ನೀಲಪ್ಪ ಲಾಕಪ್ಪಿನಲ್ಲಿದ್ದ.

"ನಾ ಬಡದಿಲ್ರಿ ಸಾಹೇಬ್ರ. ಮನ್ಯಾಗ ಹೆಂಡ್ತಿ ಬಾಣಂತಿ ಅದಾಳ್ರಿ. ನಾ ಜೇಲಿಗಿ ಹ್ವಾದ್ರ ಅಕಿನ್ನ ನೋಡಾವ್ರ ಯಾರೂ ಇಲ್ರಿ."

ಇಂಥ ಮಾತು ಕೇಳಿ ಕೇಳಿ ಫೌಜದಾರರ ಮನಸ್ಸು ಜಡ್ಡುಗಟ್ಟಿತ್ತು. ಅವರು ಕದ ಹಾಕಿಸಿದರು.

*

ಆದರೂ ಒಂದು ಸಂಗತಿ ತಲೆಯಿಂದ ಇಳಿಯಲಿಲ್ಲ. ಮಲಕಪ್ಪನ ರುಮಾಲು ತಲೆಯ ಮೇಲಿರಲಿಲ್ಲ. ಮುರಿದ ತೊಡೆಗೆ ಬಿಗಿದು ಕಟ್ಟಿತ್ತು.

"ಇದನ್ನ ನೀ ಕಟ್ಟಿದ್ಯೇನವಾ?" ಎಂದು ಮರುದಿನ ಮಾಯವ್ವನನ್ನು ಕೇಳಿದರು.

"ಇಲ್ರಿ. ನಾ ಬರೂದ್ರಾಗ ಕಟ್ಟಿತ್ತು."

ತನ್ನ ಕಾಲು ತಾನೇ ಕಟ್ಟಿಕೊಂಡವನು ಕೂಡಲೇ ಸತ್ತದ್ದು ಹೇಗೆ? ಡಾಕ್ಟರರಿಗೆ ಅದು ಕಾಣಲಿಲ್ಲವೆ?

"ನೀ ಆವಾಗ ಎಲ್ಲಿದ್ದಿ?"

"ದಿಬ್ಬದ ಆಚಿ ಕಡಿ ಕಟಗಿ ಆರಸಾಕತ್ತಿದ್ನಿರಿ. ಲಾರಿ ನರಳಿಕೋತ ಇಳೀತು. ಅದು ಹ್ವಾದ ಮ್ಯಾಲ ನನ್ನ ಗಂಡ ಬೀರಪ್ಪ ದ್ಯಾವರ ಹಾಡ ಹಾಡಾಕತ್ತಿದ್ದ. ಆಮ್ಯಾಲ ಹಾಡ ನಿಂತು, ಕೂಗಿದ. ಕುರಿಗಿ ಕೂಗ್ತಾನ ಅಂತ ನಾ ಸುಮ್ಮಕ ಇದ್ನಿ."

"ಬ್ಯಾರೆ ಗಾಡಿ?"

"ಅವ ಹಾಡೂವಾಗ ಮ್ಯಾಲ ದೂರ ಡಾಕ್ಟರ್ರ ಕಾರು ಅಳೂದು ಕೇಳಿತ್ರಿ. ನಿಂತ ಹೋತು. ಹೊಳ್ಳಿ ಹ್ವಾದ್ರು ಅನಕೊಂಡ್ನಿ."

ಇದನ್ನೆಲ್ಲ ಅವಳು ಮೊದಲ ದಿನವೇ ಪೊಲೀಸರಿಗೆ ಹೇಳಿದ್ದಳು. ಡಾಕ್ಟರರು ಮಾತಾಡಿದ ಮೇಲೆ ಕುರಿ ಕಾಯುವವಳ ಮಾತು ಯಾರಿಗೆ ಬೇಕು? ಯಾರೂ ಬರೆದುಕೊಂಡಿರಲಿಲ್ಲ.

ಇಳಿಜಾರಿನ ಬುಡದಲ್ಲಿ ಬಾನುಬಿಯ ಚಹಾ ಅಂಗಡಿ.

"ಲಾರಿ ಹೋತ್ರಿ. ಆಮ್ಯಾಲ ಡಾಕ್ಟರ್ ಸಾಹೇಬ್ರ ಕಾರು. ಇಲ್ಲೇ ಅಂಗಡಿ ಮುಂದ ಅಳಾಕ ಹತ್ತಿತು, ಹೋತು."

"ಮ್ಯಾಲಿಂದ ಅಳಕೋತ ಬರಲಿಲ್ಲೇನು?"

ಬಾನುಬಿ ಯೋಚಿಸಿದಳು. "ಇಲ್ರಿ."

ಮೇಲೆ ಅತ್ತಿತ್ತು. ಕೆಳಗೆ ಅತ್ತಿತ್ತು. ನಡುವೆ ಯಾಕೆ ಸುಮ್ಮನಿತ್ತು?

*

"ಡಾಕ್ಟರ, ನಿಮ್ಮ ಗಾಡಿಗೆ ಏನಾಗ್ಯದ?" ಎಂದು ಫೌಜದಾರರು ದವಾಖಾನೆಗೆ ಹೋಗಿ ಕೇಳಿದರು.

"ಹಿಂದಿನ ಚಕ್ರದ ಬೇರಿಂಗ್ ಹೋಗ್ಯದ. ಚಕ್ರ ತಿರುಗಿದ್ರ ಸಾಕು, ಒದರ್ತದ. ನಾ ಬಡದಿದ್ರ ಮಾಯವ್ವಗ ಕೇಳಸ್ತಿರಲಿಲ್ಲೇನು?"

ಕೇಳದ ಪ್ರಶ್ನೆಗೂ ಉತ್ತರ ಬಂತು. ಫೌಜದಾರರು ಕೀಲಿಕೈಗೆ ಕೈ ಚಾಚಿದರು.

"ಒಂದು ಸಲ ನಾ ಹೊಡೀತೀನಿ. ನೀವು ಬಾಜೂ ಕೂಡ್ರಿ."

ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಹೊಡೆದ ಕೈ ಅದು. ಆಕ್ಸಿಲರೇಟರ್ ಒತ್ತಿದರು. ಕಾರು ಅತ್ತಿತು. ಕಾಲು ತೆಗೆದರು. ಅಳು ಅಡಗಿತು. ಎಡಕ್ಕೆ, ಬಲಕ್ಕೆ ಹೊರಳಿಸಿದರು. ದನಿ ಬದಲಾಗಲಿಲ್ಲ. ಇಳಿಜಾರಿನ ಮೇಲ್ತುದಿಯಲ್ಲಿ ಗೇರ್ ತೆಗೆದು ಎಂಜಿನ್ ಬಂದ್ ಮಾಡಿದರು.

ಕಾರು ಉರುಳಿತು. ವೇಗ ಏರಿತು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮಲಕಪ್ಪ ಬಿದ್ದ ಜಾಗ ಹಾದುಹೋಯಿತು. ಡಾಕ್ಟರು ಅತ್ತ ನೋಡಲಿಲ್ಲ. ಬಾನುಬಿಯ ಅಂಗಡಿ ಮುಂದೆ ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದ ಕೂಡಲೇ ಕೊಂಯ್ ಎಂದಿತು.

ಫೌಜದಾರರು ಕಾರು ನಿಲ್ಲಿಸಿದರು.

"ಬೇರಿಂಗ್ ಹೋಗಿದ್ರ ಉರುಳುವಾಗಲೂ ಒದರಬೇಕಿತ್ತು. ಹೊಳ್ಳಿಸಿದಾಗ ದನಿ ಬದಲಾಗಬೇಕಿತ್ತು. ಇದು ಬೇರಿಂಗ್ ಅಲ್ಲ. ಹಿಂದಿನ ಅಚ್ಚಿನ ನಡುವಿನ ಡಿಫರೆನ್ಷಿಯಲ್. ಅದರ ಹಲ್ಲು ಸವದಾವ. ಎಂಜಿನ್ ಎಳದಾಗಷ್ಟ ಅಳ್ತದ. ಕಲ್ಲು ಹೇರಿದ ಲಾರಿ ಇಲ್ಲಿ ಗೇರ್ ತಗದ್ರ ಬ್ರೇಕ್ ತಡಿಯೂದಿಲ್ಲ, ಅದು ನರಳಿಕೋತನ ಇಳೀಬೇಕು. ಸಪ್ಪಳಿಲ್ಲದ ಇಳಿದಿದ್ದು ನೀವು. ಪೆಟ್ರೋಲ್ ಉಳಸ್ಲಿಕ್ಕೆ ಗೇರ್ ತಗದಿದ್ರಿ. ಅಳು ನಿಂತದ್ದು ಕೇಳಿ ಮಲಕಪ್ಪನೂ ನೀವು ಹೊಳ್ಳಿ ಹೋದ್ರಿ ಅನಕೊಂಡ. ದಾರಿ ಬಿಡಲಿಲ್ಲ."

ಡಾಕ್ಟರರು ಕನ್ನಡಕ ತೆಗೆದು ಒರೆಸಿದರು.

"ಇಳಿದು ನೋಡ್ದೆ. ಜೀವ ಇತ್ತು. 'ಡಾಕ್ಟರ್ರ, ಎತ್ತಕೊಳ್ರಿ' ಅಂತ ಕೂಗಿದ. ದವಾಖಾನಿಗೆ ಒಯ್ದಿದ್ರ ಉಳೀತಿದ್ದ. ಆದ್ರ ಎಂಜಿನ್ ಚಾಲೂ ಮಾಡಿದ್ರ ನಾ ಇಲ್ಲಿದ್ದದ್ದು ಎಲ್ಲಾರಿಗೂ ಗೊತ್ತಾಗ್ತಿತ್ತು. ಬ್ರೇಕ್ ಬಿಟ್ಟೆ. ಹಂಗೇ ಉರುಳಿಸಿಕೊಂಡು ಇಳಿದೆ."

ಫೌಜದಾರರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಗಳ ಮುಖ ನೆನಪಾಯಿತು. ಆಗಲೂ ಏನೂ ಅನ್ನಿಸಲಿಲ್ಲ.

"ನಡೀರಿ," ಎಂದರು.

*

ನೀಲಪ್ಪ ಲಾಕಪ್ಪಿನಿಂದ ಹೊರಬಿದ್ದು ತಿರುಗಿಯೂ ನೋಡದೆ ಇಳಕಲ್ ಬಸ್ಸು ಹತ್ತಿದ. ಫೌಜದಾರರು ಮಾಯವ್ವನ ಹತ್ತಿರ ಹೋಗಿ ಎಲ್ಲ ಹೇಳಿದರು. ಗೇರು, ಹಲ್ಲು, ಡಿಫರೆನ್ಷಿಯಲ್ ಯಾವುದೂ ಅವಳಿಗೆ ಬೇಕಿರಲಿಲ್ಲ. ಡಾಕ್ಟರರ ಹೆಸರು ಬಂದಾಗಲೂ ತಲೆ ಎತ್ತಲಿಲ್ಲ. ಕಡೆಗೆ ಒಂದೇ ಮಾತು ಕೇಳಿದಳು.

"ಹಂಗಾರ ಅವ ಕೂಗಿದ್ದು ಕುರಿಗಿ ಅಲ್ರಿ?"

ಸುಳ್ಳು ಹೇಳಬಹುದಿತ್ತು. ಫೌಜದಾರರು ಹೇಳಲಿಲ್ಲ.

"ಅಲ್ಲವಾ."

ಮಾಯವ್ವ ಎದ್ದಳು. ಗಂಡನ ಕೋಲು ತೆಗೆದುಕೊಂಡಳು. ಕುರಿಗಳನ್ನು ಕೂಗಲಿಲ್ಲ. ಸುಮ್ಮನೆ ನಡೆದಳು, ಅವು ಹಿಂದೆ ಹೋದವು.