ಎರಡನೆಯ ಕಣ್ಣು

ಚಂದ್ರನನ್ನು ತಲೆಕೆಳಗು ಮಾಡಿ, ಗಾಜು ಹಾಕಿ, ಹಿಂದಿನಿಂದ ಮೊಳೆ ಹೊಡೆದು ಭದ್ರ ಮಾಡಿಟ್ಟಿದ್ದ ಆ ಮಹಾನುಭಾವ, ಮೇಲಿಂದ ನನಗೇ ಬುದ್ಧಿ ಹೇಳಲು ಬಂದ.

“ಚಂದ್ರನಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಮೇಡಂ?”

ನಮ್ಮ ಬೀದಿಯ ಕೊನೆಯಲ್ಲಿ ಅವನದೊಂದು ಹಳೆಯ ಫೋಟೋ ಸ್ಟುಡಿಯೋ. ಫೋಟೋ ತೆಗೆಸಿಕೊಳ್ಳುವವರು ಕಡಿಮೆಯಾಗಿ ಈಗೀಗ ಫ್ರೇಮ್ ಹಾಕುವ ಕೆಲಸವೇ ಜಾಸ್ತಿ. ನಮ್ಮ ಆಫೀಸಿನ ದೊಡ್ಡ ಸಾಹೇಬರು ನಿವೃತ್ತರಾಗುತ್ತಿದ್ದರು. ಅವರಿಗೆ ಕೊಡಲೆಂದು ಒಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಅವನ ಕೈಗೆ ಕೊಟ್ಟಿದ್ದೆ. ಚಂದ್ರನನ್ನು ಸುತ್ತುವ ನೌಕೆ ಮೇಲಿನಿಂದ ತೆಗೆದ ಚಿತ್ರ, ಮನುಷ್ಯರು ಇಳಿದ ಜಾಗದ್ದು. ನಡುವೆ ಸಾಸಿವೆಕಾಳಿನಷ್ಟು ಬಿಳಿ ಚುಕ್ಕೆ, ಅವರು ಬಿಟ್ಟುಬಂದ ವಾಹನದ ಕೆಳಭಾಗ. ಅದರ ಮಗ್ಗುಲಿಗೆ ಚೂರು ನೆರಳು. ಅಲ್ಲಿಂದ ಹೊರಟ ಕೂದಲೆಳೆಯಂಥ ಗೆರೆ, ಅವರು ನಡೆದಾಡಿದ ಜಾಡು.

“ಬೆಳಕು ಮೇಲಿಂದ ಬರೋ ಹಾಗೆ ಹಿಡೀಬೇಕು,” ಅಂದೆ. “ಇಲ್ಲದಿದ್ರೆ ಕಣ್ಣು ಮೋಸ ಹೋಗುತ್ತೆ. ನೋಡಿ, ಕುಳಿಗಳೆಲ್ಲ ಗುಡ್ಡದ ಥರ ಕಾಣ್ತಿವೆ.”

ಅವನು ಫ್ರೇಮನ್ನು ಎತ್ತಿ ತಿರುಗಿಸಿದ. ಮತ್ತೆ ತಿರುಗಿಸಿದ.

“ಗುಡ್ಡ... ಕುಳಿ. ಗುಡ್ಡ... ಅರೆ, ಕುಳಿ!”

ಚಿಕ್ಕ ಮಗುವಿನ ಕೈಗೆ ಗಿಲಕಿ ಸಿಕ್ಕ ಹಾಗಾಯಿತು ಅವನ ಮುಖ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾ ಹಿಡಿದವರ ಅಭ್ಯಾಸವಿರಬೇಕು. ನಾನು ಬೇಡವೆಂದರೂ ಅದನ್ನೇ ನೋಡಿದೆ.

“ಚೆನ್ನಾಗಿ ಮಾಡಿದ್ದಾರೆ ಬಿಡಿ,” ಅಂದ.

“ಏನನ್ನ?”

“ಈ ಚುಕ್ಕೇನ. ಚಂದ್ರನ ಮೇಲೆ ಯಾರೂ ಹೋಗಿಲ್ಲ ಮೇಡಂ. ಎಲ್ಲ ಸ್ಟುಡಿಯೋ ಕೆಲಸ. ನಾನೂ ಸ್ಟುಡಿಯೋದವನೇ ಅಲ್ವಾ, ನಂಗೆ ಗೊತ್ತಾಗಲ್ವಾ? ಮೊದಲು ಇಳಿದವನ ಫೋಟೋ ತೆಗೆದವರು ಯಾರು, ಹೇಳಿ ನೋಡೋಣ!”

ನನಗೆ ಮೈಯೆಲ್ಲ ಉರಿದುಹೋಯಿತು. ಫ್ರೇಮ್ ಸರಿಮಾಡಿಡಿ, ನಾಳೆ ಬರುತ್ತೇನೆ ಎಂದು ದಡದಡನೆ ಹೊರಟುಬಂದೆ.

ನನ್ನ ಕೆಲಸವೇ ಆ ಚಿತ್ರಗಳು. ನೌಕೆ ಕಳಿಸಿದ್ದನ್ನು ಪರದೆಯ ಮೇಲೆ ಹರಡಿಕೊಂಡು ಕುಳಿ ಎಲ್ಲಿ, ಬಂಡೆ ಎಲ್ಲಿ, ನೆರಳು ಯಾವ ಕಡೆಗೆ ಎಂದು ಗುರುತು ಹಾಕುವುದು. ಪ್ರತಿ ಚಿತ್ರವನ್ನೂ ಇಬ್ಬರು ನೋಡಬೇಕು, ಆ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಬಾರದು ಎಂಬುದು ನಮ್ಮಲ್ಲಿನ ಕಟ್ಟುನಿಟ್ಟು. ಇಬ್ಬರ ಗುರುತೂ ಹೊಂದಿದರೆ ಮಾತ್ರ ಪಾಸು. ಒಬ್ಬರೇ ನೋಡಿದರೆ ಕಾಣಬೇಕೆಂದು ಆಸೆಪಟ್ಟದ್ದೇ ಕಂಡುಬಿಡುತ್ತದೆ, ಅದಕ್ಕೆ. ನನ್ನ ಜೋಡಿಯನ್ನು ಆಫೀಸಿನಲ್ಲಿ ‘ಎರಡನೆಯ ಕಣ್ಣು’ ಎನ್ನುತ್ತಾರೆ. ಮೇಲಿನ ಮಹಡಿಯಲ್ಲಿ ಎಲ್ಲೋ ಕೂರುತ್ತಾರಂತೆ. ಗಂಡಸೋ ಹೆಂಗಸೋ ನನಗೆ ಗೊತ್ತಿಲ್ಲ. ವರ್ಷಗಟ್ಟಲೆ ಒಂದೇ ಕುಳಿಯೊಳಗೆ ಇಬ್ಬರೂ ಇಣುಕಿದ್ದೇವೆ, ಒಂದು ದಿನವೂ ಜೊತೆಯಲ್ಲಿ ಚಹಾ ಕುಡಿದಿಲ್ಲ.

ಮನೆಗೆ ಬಂದರೆ ಅಲ್ಲೂ ಅಷ್ಟೇ. ಒಂದು ಕೋಣೆ, ಒಂದು ಕಿಟಕಿ. ಕುರ್ಚಿಗಳು ಎರಡಿವೆ, ಆದರೆ ಒಂದರ ಮೇಲೆ ಯಾವಾಗಲೂ ಒಗೆದ ಬಟ್ಟೆಯ ರಾಶಿ. ಅದನ್ನು ಮಡಚಿಡಬೇಕಾದ ಅಗತ್ಯವೇ ಬಂದಿರಲಿಲ್ಲ.

ಮಾರನೆಯ ದಿನ ಸಂಜೆ ಫ್ರೇಮ್ ತರಲು ಹೋದವಳು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ.

“ವಾಹನದ ಹೊರಗೆ ಒಂದು ಕ್ಯಾಮೆರಾ ಕಟ್ಟಿದ್ರು. ಮೊದಲನೆಯವನು ಇಳಿದದ್ದನ್ನ ಅದು ತೆಗೀತು. ಆಮೇಲೆ ಒಬ್ಬ ಇನ್ನೊಬ್ಬನದು ತೆಗೆದ. ಸಾಕಾ?”

“ಅಬ್ಬಬ್ಬಾ! ರಾತ್ರಿಯೆಲ್ಲ ಇದನ್ನೇ ಯೋಚನೆ ಮಾಡ್ತಿದ್ರಾ?”

“ನಂಗೇನು ಬೇರೆ ಕೆಲಸ ಇಲ್ವಾ?” ಎಂದೆ. ಇರಲಿಲ್ಲ.

“ಸರಿ, ಆಕಾಶದಲ್ಲಿ ಒಂದು ನಕ್ಷತ್ರಾನೂ ಇಲ್ವಲ್ಲ ಆ ಫೋಟೋಗಳಲ್ಲಿ?”

“ನೀವು ಮದುವೆ ಮನೇಲಿ ಝಗಮಗ ಲೈಟ್ ಹಾಕಿ ಫೋಟೋ ತೆಗೆದಾಗ ಹಿಂದೆ ನಕ್ಷತ್ರ ಬೀಳುತ್ವಾ?”

ಅವನು ಚಹಾದ ಲೋಟವನ್ನು ನನ್ನ ಕಡೆ ಸರಿಸಿ ತುಟಿಯಂಚಿನಲ್ಲೇ ನಕ್ಕ. “ಅದು ನಂಗೂ ಗೊತ್ತು. ನಾನೇನು ಅಷ್ಟು ದಡ್ಡ ಅಲ್ಲ. ನೀವು ಏನ್ ಹೇಳ್ತೀರಾ ನೋಡೋಣ ಅಂತ ಕೇಳಿದೆ.”

ಹೀಗೆ ಶುರುವಾಯಿತು. ಆಫೀಸಿನಿಂದ ಬರುವಾಗ ಸ್ಟುಡಿಯೋ ಮುಂದೆ ನನ್ನ ಕಾಲು ತಾನಾಗಿಯೇ ನಿಧಾನವಾಗತೊಡಗಿತು. ಅವನು ಗಾಜು ಕತ್ತರಿಸುತ್ತಾ ತಲೆ ಎತ್ತದೆಯೇ “ಚಂದ್ರಲೋಕದವರು ಬಂದ್ರಾ?” ಅನ್ನುವನು. ತಲೆ ಎತ್ತದವನಿಗೆ ಬಂದದ್ದು ನಾನೇ ಎಂದು ಹೇಗೆ ತಿಳಿಯುತ್ತಿತ್ತೋ! ಒಂದು ದಿನ ನೋಡಿದರೆ, ಎದುರಿಗಿಟ್ಟ ಕನ್ನಡಿಯೊಂದು ರಸ್ತೆಯ ಕಡೆಗೆ ಮುಖ ಮಾಡಿಕೊಂಡಿತ್ತು. ಮಾರಾಟಕ್ಕಿಟ್ಟ ಕನ್ನಡಿ ಗೋಡೆಯ ಕಡೆ ಇರಬೇಕಲ್ಲವೇ ಎಂದು ಕೇಳಿದೆ. ಅವನ ಕಿವಿ ಕೆಂಪಾಯಿತು.

ದೂರದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಹಿಡಿದುಬಿಟ್ಟಳು.

“ಯಾರೇ ಅವನು? ಮಾತು ಮಾತಿಗೂ ಆ ಫ್ರೇಮಿನವನು, ಆ ಫ್ರೇಮಿನವನು ಅಂತೀಯ.”

“ಯಾರೂ ಇಲ್ಲ ಕಣೆ. ಚಂದ್ರನ ಮೇಲೆ ಮನುಷ್ಯ ಹೋಗೇ ಇಲ್ಲ ಅನ್ನೋ ತಲೆತಿರುಕ.”

“ಹೋಗದಿದ್ರೆ ಕಷ್ಟ ಏನೀಗ? ನೀನಂತೂ ಅಲ್ಲೇ ಇರ್ತೀಯ. ಒಂಚೂರು ಕೆಳಗಿಳಿದು ಬಾ.”

ಆ ದಿನ ಬಟ್ಟೆಯ ರಾಶಿಯನ್ನು ಮಡಚಿಟ್ಟೆ. ಎರಡನೆಯ ಕುರ್ಚಿ ಖಾಲಿಯಾಗಿ ನಿಂತಿತು. ಅದನ್ನು ನೋಡಿದರೆ ರಾಶಿಯಿದ್ದಾಗಿನದಕ್ಕಿಂತ ಹೆಚ್ಚು ಸಂಕಟವಾಯಿತು.

ಅವನು ನನ್ನನ್ನು ನಂಬಬೇಕು ಎನ್ನುವುದು ಆಮೇಲಾಮೇಲೆ ನನಗೆ ಹಟವಾಯಿತು. ಒಂದು ಸಂಜೆ ಅದೇ ಜಾಗದ ಮೂರು ಚಿತ್ರಗಳನ್ನು ಅವನ ಮೇಜಿನ ಮೇಲೆ ಹರಡಿದೆ. ಚಂದ್ರನ ಬೆಳಗ್ಗೆ, ಮಧ್ಯಾಹ್ನ, ಸಂಜೆ. ಚುಕ್ಕೆ ಇದ್ದಲ್ಲೇ ಇದೆ, ನೆರಳು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿದೆ. ನೆಲದಿಂದ ಎತ್ತರಕ್ಕೆ ನಿಂತ ವಸ್ತುವೊಂದು ಅಲ್ಲಿಲ್ಲದೆ ಹಾಗಾಗುವುದಿಲ್ಲ. ಅವನು ಬಗ್ಗಿ, ಲೆನ್ಸ್ ಹಿಡಿದು, ಬಹಳ ಹೊತ್ತು ನೋಡಿದ.

“ಸರಿಯಾಗಿದೆ. ತಪ್ಪು ಸಿಗ್ತಿಲ್ಲ. ಆದ್ರೂ ನಂಬಿಕೆ ಬರ್ತಿಲ್ಲ ಮೇಡಂ.”

“ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?”

“ನೀವಲ್ಲ. ಫೋಟೋ.”

“ಆ ಫೋಟೋ ಬಿಟ್ರೆ ನನ್ನ ಹತ್ರ ಬೇರೆ ಏನೂ ಇಲ್ಲ, ಗೊತ್ತಾ ನಿಮಗೆ?”

ಅಳು ಬಂದುಬಿಟ್ಟಿತು, ಥೂ. ಮೂರನ್ನೂ ಬಾಚಿಕೊಂಡು ಹೊರಟೆ. ಆಮೇಲೆ ಬೇರೆ ಬೀದಿಯಿಂದ ಸುತ್ತು ಹಾಕಿಕೊಂಡು ಮನೆಗೆ ಹೋಗತೊಡಗಿದೆ. ಅಡುಗೆ ಮಾಡಲು ಮನಸ್ಸಿಲ್ಲ, ಮಾಡಿದರೆ ಉಣ್ಣಲು ಮನಸ್ಸಿಲ್ಲ. ಅಕ್ಕನ ಫೋನಿಗೆ ನೆಗಡಿ ಎಂದು ನೆಪ ಹೇಳಿದೆ. ಒಂದು ಮಧ್ಯಾಹ್ನ ಕುಳಿಯೊಂದಕ್ಕೆ ಗುಡ್ಡವೆಂದು ಗುರುತು ಹಾಕಿಬಿಟ್ಟೆ. ಎರಡನೆಯ ಕಣ್ಣು ಸರಿಯಾಗಿ ಹಾಕಿದ್ದಕ್ಕೆ ಅದು ವಾಪಸ್ಸು ಬಂತು. ನನ್ನ ತಪ್ಪನ್ನು ನೋಡುವವರು ಈ ಲೋಕದಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಸುಮ್ಮನೆ ಪರದೆಯ ಮುಂದೆ ಕೂತಿದ್ದೆ.

ಒಂದು ರಜೆಯ ದಿನ, ಬಿಸಿಲು ಇಳಿಯುವ ಹೊತ್ತು, ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವನು. ಕಂಕುಳಲ್ಲಿ ಒಂದು ಹಳೆಯ ಫ್ರೇಮ್. ಗಡ್ಡ ಬಿಟ್ಟಿದ್ದ.

“ಒಳಗೆ ಬರಲಾ?”

ಎರಡನೆಯ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ. ಅವನು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಕಪ್ಪು ಬಿಳುಪು ಫೋಟೋ. ಸುಣ್ಣ ಬಳಿದ ಗೋಡೆಯೆದುರು ಎಡಕ್ಕೆ ಒಬ್ಬ ಗಂಡಸು, ಬಲಕ್ಕೆ ಒಬ್ಬ ಹೆಂಗಸು. ಅವಳ ಮುಂದೆ ಮೂರ್ನಾಲ್ಕು ವರ್ಷದ ಹುಡುಗ. ಅವಳ ಕೈ ಹುಡುಗನ ಭುಜದ ಮೇಲೆ.

“ಅಪ್ಪ, ಅಮ್ಮ, ನಾನು,” ಅಂದ. “ಅಮ್ಮನ ಮುಖ ನಂಗೆ ನೆನಪಿಲ್ಲ. ಜ್ವರ ಬಂದು ಬೇಗ ಹೋಗಿಬಿಟ್ಳು. ದಿನಾ ಇದನ್ನ ನೋಡಿ, ಅಮ್ಮ ನನ್ನ ಹೀಗೆ ಹಿಡ್ಕೊಂಡಿದ್ಳು ಅಂತ ಅಂದ್ಕೋತಿದ್ದೆ. ಒಂದ್ಸಲ ಸೋದರತ್ತೆ ಬಾಯ್ತಪ್ಪಿ ಅಂದ್ಬಿಟ್ರು, ‘ಅವಳು ಹೋದಮೇಲೆ ನಿಮ್ಮಪ್ಪ ರಾತ್ರಿಯೆಲ್ಲ ಕೂತು ಕತ್ತರಿಸಿ, ಅಂಟಿಸಿ ಮಾಡಿದ್ದು ಅದು’ ಅಂತ. ಸ್ಟುಡಿಯೋ ಅವರದೇ ಅಲ್ವಾ, ಅಪ್ಪನ ಕೈ ಅಂದ್ರೆ ಕೈ. ಅಂಚಿಗೆ ಕುಂಚ ಆಡಿಸಿ ಮತ್ತೆ ಫೋಟೋ ತೆಗೆದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ನೀವು ಲೆನ್ಸ್ ಇಟ್ಟು ನೋಡಲಿಲ್ವಾ?”

“ಧೈರ್ಯ ಬರಲಿಲ್ಲ. ಅಪ್ಪನ್ನೂ ಕೇಳಲಿಲ್ಲ. ಅವರ ಜೊತೆ ಮಾತೇ ಕಮ್ಮಿ ಮಾಡ್ಬಿಟ್ಟೆ. ಸುಳ್ಳು ಅಮ್ಮನ್ನ ಕೊಟ್ರಲ್ಲ ಅಂತ. ಅವರು ಹೋಗೋವರೆಗೂ ಹಾಗೇ ಇದ್ದೆ. ಅವತ್ತಿಂದ ಯಾವ ಫೋಟೋನೂ ನಂಬಲ್ಲ ನಾನು. ಚಂದ್ರನ್ನೂ ಸೇರಿ.”

ಅವನು ಫ್ರೇಮನ್ನು ನನ್ನ ಕಡೆ ಚಾಚಿದ.

“ನೀವು ನೋಡಿ ಹೇಳಿ,” ಅಂದ. “ನೀವು ಅಂಟಿಸಿದ್ದು ಅಂದ್ರೆ ಅಂಟಿಸಿದ್ದು. ನಿಮ್ಮನ್ನ ನಂಬ್ತೀನಿ.”

ನಾನು ಬೇಡಿಕೊಂಡಿದ್ದ ಮಾತು ಅದೇ. ಅವಳು ಅಂಟಿಸಿದವಳು ಎಂದು ನಾನು ಹೇಳಿದರೆ ಈ ಮನುಷ್ಯ ಎದ್ದು ಹೋಗುತ್ತಾನೆ, ಮತ್ತೆ ನನ್ನ ಮುಖ ನೋಡಲು ಅವನಿಂದಾಗುವುದಿಲ್ಲ. ನಿಜವೆಂದು ಸುಳ್ಳು ಹೇಳಿದರೆ ಇಲ್ಲೇ ಇರುತ್ತಾನೆ. ಒಂದು ಗಳಿಗೆ ಹೇಳಿಯೇಬಿಡೋಣ ಎನ್ನಿಸಿತು, ದೇವರಾಣೆ.

“ನನ್ನೊಬ್ಬಳ ಕಣ್ಣು ಸಾಲದು,” ಅಂದೆ. “ನಂಗೆ ಬೇಕಾದ್ದೇ ಕಾಣುತ್ತೆ.”

“ನಿಮಗೇನು ಬೇಕು?”

“ನಿಮ್ಮಮ್ಮ ಅಲ್ಲಿ ನಿಂತಿರಬೇಕು. ನೀವು ಇಲ್ಲಿ ಕೂತಿರಬೇಕು.”

ಅವನು ಎವೆಯಿಕ್ಕದೆ ನೋಡಿದ. ಈ ಸಲ ನಾನೂ ಕಣ್ಣು ತಪ್ಪಿಸಲಿಲ್ಲ.

ಆಮೇಲೆ ಆಫೀಸಿನ ಪದ್ಧತಿಯಲ್ಲೇ ಮಾಡಿದೆವು. ಫೋಟೋವನ್ನು ಫ್ರೇಮಿನಿಂದ ಬಿಚ್ಚಿದ್ದು ಅವನೇ, ಮೊಳೆಗಳನ್ನು ಒಂದೊಂದಾಗಿ ಕಿತ್ತು. ಇಬ್ಬರಿಗೂ ಕೆಳಗಿನದು ಕಾಣುವಂಥ ಒಂದೊಂದು ತೆಳು ಟ್ರೇಸಿಂಗ್ ಹಾಳೆ. ಸರದಿಯಲ್ಲಿ ಫೋಟೋದ ಮೇಲೆ ಹಾಳೆಯಿಟ್ಟು, ಪ್ರತಿಯೊಬ್ಬರ ಮೇಲೂ ಬೆಳಕು ಎಲ್ಲಿಂದ ಬಿದ್ದಿದೆ ಎಂದು ಪೆನ್ಸಿಲ್ಲಿನಲ್ಲಿ ಬಾಣ ಬರೆಯುವುದು. ಒಬ್ಬರು ನೋಡುವಾಗ ಇನ್ನೊಬ್ಬರು ಕಿಟಕಿಯ ಕಡೆ ತಿರುಗಿ ಕೂರುವುದು. ಮಾತಿಲ್ಲ. ಅವನ ಸರದಿಯಲ್ಲಿ ಬೆನ್ನ ಹಿಂದೆ ಅವನ ಉಸಿರು ಒಮ್ಮೆ ನಿಂತು ಮತ್ತೆ ಶುರುವಾದದ್ದು ನನಗೆ ಕೇಳಿಸಿತು.

ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ.

ಅಮ್ಮನ ಮೇಲಿನ ಬಾಣ ಎಡದಿಂದ. ಹುಡುಗನ ಮೇಲಿನದೂ ಎಡದಿಂದ. ಅವನ ಹಾಳೆಯಲ್ಲೂ ಹಾಗೇ, ನನ್ನದರಲ್ಲೂ ಹಾಗೇ. ಅವಳ ಬೆರಳುಗಳ ನೆರಳು ಹುಡುಗನ ಅಂಗಿಯ ಮೇಲೆ ನಾಲ್ಕು ಗೆರೆಯಾಗಿ ಬಿದ್ದಿತ್ತು. ಅದನ್ನು ಇಬ್ಬರೂ ಗುರುತು ಮಾಡಿದ್ದೆವು.

ಅಪ್ಪನ ಮೇಲಿನ ಬಾಣ ಮಾತ್ರ, ಎರಡರಲ್ಲೂ, ಬಲದಿಂದ.

“ಅಂದ್ರೆ...” ಅಂದ.

“ಅಮ್ಮ ಅಲ್ಲೇ ಇದ್ರು. ನಿಮ್ಮ ಭುಜ ಹಿಡ್ಕೊಂಡೇ ನಿಂತಿದ್ರು. ಅಂಟಿಸಿದ್ದು ಅಪ್ಪನ್ನ.”

ನಾನು ಫೋಟೋದ ಕೆಳಭಾಗ ತೋರಿಸಿದೆ. ಫ್ರೇಮಿನ ಒಳಗಿನ ರಟ್ಟು ಇಷ್ಟು ವರ್ಷ ಮುಚ್ಚಿದ್ದ ಪಟ್ಟಿಯದು. ಅಲ್ಲಿ ನೆಲದ ಮೇಲೆ ಕೆಳಗಿನಿಂದ ಬಲಕ್ಕೆ ಓರೆಯಾಗಿ ಒಂದು ನೆರಳು ಚಾಚಿಕೊಂಡಿತ್ತು. ಒಂದು ತಲೆ, ಕಣ್ಣಿನ ಮಟ್ಟಕ್ಕೆ ಎತ್ತಿದ ಎರಡು ಮೊಣಕೈ.

“ಫೋಟೋ ತೆಗೆದವರು ಯಾರು ಅಂತ ಕೇಳ್ತಿದ್ರಲ್ಲ...”

“ಅಯ್ಯೋ,” ಅಂದ ಅವನು. “ಅಯ್ಯೋ, ಅಪ್ಪ.”

ಮುಖ ಮುಚ್ಚಿಕೊಂಡು ಅತ್ತ. “ಚಂದ್ರನ ಫೋಟೋ ತೆಗೆದವರು ಯಾರು ಅಂತ ಬಂದ ಗಿರಾಕಿಗಳಿಗೆಲ್ಲ ಕೇಳ್ತಿದ್ದೆ. ನಮ್ಮನೆ ಫೋಟೋ ತೆಗೆದವರು ಯಾರು ಅಂತ ಒಂದಿನಾನೂ ಕೇಳ್ಕೊಳ್ಳಲಿಲ್ಲ. ಅವಳ ಪಕ್ಕ ನಿಂತ ಫೋಟೋ ಅವರಿಗೆ ಒಂದೂ ಇರಲಿಲ್ಲ. ಅದಕ್ಕೇ ತಮ್ಮನ್ನ ತಾವೇ ಅಂಟಿಸ್ಕೊಂಡ್ರು.”

ಎದ್ದು ಹೋಗಿ ಅವನ ಭುಜದ ಮೇಲೆ ಕೈಯಿಟ್ಟೆ. ಅಳು ನಿಂತ ಮೇಲೆ ಅವನು ಮೂಗೊರೆಸಿಕೊಂಡು ತಲೆ ಎತ್ತಿದ.

“ನಿಮ್ಮ ಹತ್ರ ಯಾರ ಜೊತೆಗಾದ್ರೂ ನಿಂತ ಫೋಟೋ ಇದೆಯಾ?”

“ಅಕ್ಕನ ಮದುವೇದು ಇತ್ತು. ಅದರಲ್ಲಿ ನಾನು ಅರ್ಧ ಕಟ್ ಆಗಿದ್ದೀನಿ.”

“ಬನ್ನಿ ಸ್ಟುಡಿಯೋಗೆ. ಬಿಸಿಲು ಹೋಗೋದ್ರೊಳಗೆ.”

“ನೀವು ತೆಗೆದ್ರೆ ನೀವು ಇರಲ್ಲ. ಆಮೇಲೆ ಕತ್ತರಿ, ಗೋಂದು ಹುಡುಕ್ತೀರಾ?”

“ಅಪ್ಪನ ಕ್ಯಾಮೆರಾದಲ್ಲಿ ಟೈಮರ್ ಇರಲಿಲ್ಲ,” ಅಂದ. “ನನ್ನದರಲ್ಲಿದೆ.”

ಸ್ಟುಡಿಯೋದ ಹೊರಗೋಡೆಗೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ನನ್ನನ್ನು ಅಲ್ಲಿ ನಿಲ್ಲಿಸಿ, ಗಲ್ಲ ಸ್ವಲ್ಪ ಎತ್ತಿ ಎಂದು ಗದರಿಸಿ, ಕ್ಯಾಮೆರಾದ ಗುಂಡಿ ಒತ್ತಿ ಓಡಿ ಬಂದ. ಮೊದಲನೆಯ ಸಲ ತಡವಾಯಿತು. ಎರಡನೆಯ ಸಲ ಸರಿಯಾಗಿ ಬಂದು ನಿಂತು, ಕೇಳದೆಯೇ ನನ್ನ ಭುಜ ಹಿಡಿದ.

“ಈಗ ಹೇಳಿ,” ಅಂದೆ, ಮುಖ ಅಲ್ಲಾಡಿಸದೆ. “ಚಂದ್ರನ ಮೇಲೆ ಹೋಗಿದ್ರಾ ಇಲ್ವಾ?”

“ಅದು ಜೀವಮಾನದ ಜಗಳ. ಒಂದೇ ದಿನದಲ್ಲಿ ಮುಗಿಸಿಬಿಟ್ರೆ ನಾಳೆಯಿಂದ ನೀವು ಯಾಕೆ ಬರ್ತೀರಾ?”

ಸರಿಯಾಗಿ ಬಂದ ಫೋಟೋ ಸ್ಟುಡಿಯೋದ ಗಾಜಿನಲ್ಲಿದೆ. ಅವನ ಕೈ, ಆ ಕೈಯ ನೆರಳು, ಎಲ್ಲ ಕ್ರಮವಾಗಿ. ತಪ್ಪಿದ ಫೋಟೋವನ್ನು ಎಸೆಯುತ್ತೇನೆ ಎಂದ, ನಾನು ಕಸಿದುಕೊಂಡೆ. ಅದರಲ್ಲಿ ಗೋಡೆಯ ಮುಂದೆ ನಾನೊಬ್ಬಳೇ ಗಲ್ಲ ಎತ್ತಿ ನಿಂತಿದ್ದೇನೆ. ಮೂಲೆಯಲ್ಲಿ ಮುಖ ಕಾಣದ, ಒಂದು ಕಾಲು ಗಾಳಿಯಲ್ಲಿರುವ, ಕಲಸಿಹೋದ ಆಕಾರವೊಂದಿದೆ. ಯಾರೋ ಒಬ್ಬರು ನನ್ನ ಕಡೆಗೆ ಓಡಿ ಬರುತ್ತಿದ್ದರು ಎನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ. ಅದನ್ನು ಆಫೀಸಿನ ಮೇಜಿನ ಮೇಲೆ, ಪರದೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.