ಒತ್ತಿದರೂ ಕದಲದ ಉಪ್ಪಿನ ಬಿಲ್ಲೆ

ಚೇತನಾ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಉಸಿರು ಬಿಡದೆ ಹೇಳಿದಳು. "ಪರಿಮಳಕ್ಕಾ, ಇವತ್ತು ಮೂರು ಗಂಟೆ ಒಳಗೆ ನಾನು ಸುಳ್ಳಿ ಅಲ್ಲ ಅಂತ ತೋರಿಸ್ಬೇಕು. ಇಲ್ಲಾಂದ್ರೆ ಪಿಎಚ್‌ಡಿ ಸೀಟೂ ಹೋಯ್ತು, ಹೆಸರೂ ಹೋಯ್ತು."

ಪರಿಮಳಕ್ಕ ಮೂವತ್ತು ವರ್ಷ ಫಿಸಿಕ್ಸ್ ಕಲಿಸಿ ನಿವೃತ್ತರಾದವರು. ಶಿರಸಿಯ ದೇವಿಕೆರೆ ಹತ್ತಿರ ಅವರ ಮನೆ. ಪೇಟೆಯಲ್ಲಿ ಯಾರದ್ದೇ ಏನು ಕಳೆದರೂ, ಯಾರು ಯಾರಿಗೆ ಟೋಪಿ ಹಾಕಿದರೂ ಜನ ಮೊದಲು ಬರುವುದು ಅಲ್ಲಿಗೇ. ನಾನು ರಕ್ಷಿತಾ. ಅವರ ಮಹಡಿಯ ಬಾಡಿಗೆ ಕೋಣೆಯವಳು, ಅವರನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಸುತ್ತುವವಳು, ಅವರು ಬಿಡಿಸಿದ ಒಗಟುಗಳನ್ನೆಲ್ಲ ಬರೆದಿಡುವವಳು.

ಅಕ್ಕ ಚೇತನಾಳನ್ನು ಕೈಹಿಡಿದು ತಂದು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಎರಡು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಆ ಕುರ್ಚಿಯಲ್ಲಿ ಕೂರಿಸಿದವರಲ್ಲ. ಮೇಲಿಂದ "ಬುದ್ಧಿವಂತೆ ಕೂಸು ಇದು" ಎಂದು ನನ್ನ ಕಡೆ ತಿರುಗಿ ಬೇರೆ ಹೇಳಿದರು. ನನಗೆ ಹೇಗಾಗಿರಬೇಡ!

ಚೇತನಾ ಸಿದ್ದಾಪುರದ ಕಡೆಯವಳು, ಇಲ್ಲಿಯ ಕಾಲೇಜಿನಲ್ಲಿ ಎಂಎಸ್‌ಸಿ ಕೊನೆಯ ವರ್ಷ. ಘನವಸ್ತುವನ್ನು ಜೋರಾಗಿ ಒತ್ತಿದರೆ ಅದರೊಳಗೆ ಶಾಖ ಹೇಗೆ ಹರಿಯುತ್ತದೆ ಎಂಬುದು ಅವಳ ಪ್ರಯೋಗ. ಅಡಿಕೆ ಹಾಳೆಯ ಊಟದ ತಟ್ಟೆ ಮಾಡುವ ಹಳೆಯ ಮಷಿನ್ನನ್ನೇ ತಿದ್ದಿ ಒತ್ತುವ ಯಂತ್ರ ಮಾಡಿದ್ದರು. ಎರಡು ಉಕ್ಕಿನ ಕಂಬ, ನಡುವೆ ನಾಣ್ಯದಷ್ಟು ಉಪ್ಪಿನ ಬಿಲ್ಲೆ, ಬಿಲ್ಲೆಯ ಮೇಲೆ ತೆಳ್ಳನೆಯ ತಾಮ್ರದ ತಗಡು. ಬಿಲ್ಲೆಯ ಸುತ್ತ, ಶಾಖ ಹೊರಗೆ ಸೋರದ ಹಾಗೆ, ಒಣ ಅಡಿಕೆ ಹಾಳೆಯ ಬಳೆ. ಮೇಲಿನ ಕಂಬಕ್ಕೆ ಬಿಸಿ ಕೊಡುವುದು, ಕೆಳಗಿನದಕ್ಕೆ ಎಷ್ಟು ಮುಟ್ಟಿತು ನೋಡುವುದು.

"ಒತ್ತಡ ಇಲ್ದಾಗ ಮೇಲೆ ಕೆಳಗೆ ಇಪ್ಪತ್ತು ಡಿಗ್ರಿ ವ್ಯತ್ಯಾಸ ಅಕ್ಕಾ. ಐದು ಟನ್ ಒತ್ತಿದ್ರೆ ಹದಿನೇಳಕ್ಕೆ ಇಳೀತದೆ. ಶಾಖ ಸಲೀಸಾಗಿ ದಾಟ್ತದೆ ಅಂತ ಅರ್ಥ. ಎಂಟು ತಿಂಗಳು ಹಂಗೇ ಬಂದಿತ್ತು. ನಿನ್ನೆ ಪರೀಕ್ಷಕರ ಎದುರಿಗೆ ಮಾತ್ರ ಶುರುವಿನಿಂದ್ಲೇ ಒಂಬತ್ತು! ಐದು ಟನ್ ಆದ್ರೂ ಒಂಬತ್ತೇ! 'ಈ ಪುಸ್ತಕದ ಅಂಕಿ ಎಲ್ಲಿಂದ ಬಂತಮ್ಮಾ' ಅಂತ ಕೇಳಿದ್ರು. ಇವತ್ತು ಮೂರಕ್ಕೆ ಮತ್ತೆ ಬರ್ತಾರೆ."

"ಒತ್ತಡ ಇಳ್ಸಿದಾಗ ಎಷ್ಟಾಗ್ತಿತ್ತು, ನಿನ್ನ ಪುಸ್ತಕದಲ್ಲಿ?"

"ಮತ್ತೆ ಇಪ್ಪತ್ತರ ಹತ್ರ. ಬಂದ ದಾರೀಲೇ ವಾಪಸ್."

"ಅದನ್ನೂ ಬರ್ದಿದ್ಯಾ?"

"ಪ್ರತಿ ಸಲ."

ಅಕ್ಕನ ಮುಖ ಅರಳಿತು. "ಸುಳ್ಳು ಬರೆಯವ್ರು ಹತ್ತೋ ದಾರಿ ಬರೀತ. ಇಳಿಯೋ ದಾರಿ ಬರೆಯಷ್ಟು ತಾಳ್ಮೆ ಅವ್ಕೆ ಇರ್ತಿಲ್ಲೆ. ಎಲ್ಲಿ, ನಿನ್ನೆ ಬಿಚ್ಚಿದ ಸಾಮಾನು?"

ಚೇತನಾ ಕಾಗದದ ಪೊಟ್ಟಣ ಬಿಚ್ಚಿದಳು. ನಿನ್ನೆ ಅವಳು ಹೊರಗೆ ಅಳುತ್ತಿದ್ದಾಗ ಯಂತ್ರ ಬಿಚ್ಚಿದ್ದು ಮೂವರು: ಅವಳ ಗೈಡ್ ಕಾರ್ತಿಕ ಸರ್, ಜೊತೆಯ ವಿದ್ಯಾರ್ಥಿ ಸುಹಾಸ, ಮತ್ತು ಪ್ರಯೋಗದುದ್ದಕ್ಕೂ ಅಂಕಿ ಬರೆದುಕೊಟ್ಟ ಗೆಳತಿ ಶ್ರೀಲಕ್ಷ್ಮಿ. ಪೊಟ್ಟಣ ಕಟ್ಟಿ ಕೊಟ್ಟದ್ದು ಸರ್.

ಅಕ್ಕ ಭೂತಗನ್ನಡಿ ಹಿಡಿದರು. ನಾನೂ ತಲೆ ತೂರಿಸಿದೆ. ತಾಮ್ರದ ತಗಡಿನ ನಡುಭಾಗ ನುಣ್ಣಗಿತ್ತು. ಅಂಚಿನ ಹತ್ತಿರ ಮಾತ್ರ ಮೂರು ಚೌಕದ ಗುಳಿಗಳಿದ್ದವು. ಉಪ್ಪಿನ ಬಿಲ್ಲೆಯ ಅಂಚು ಚೀಪಿದ ಕಲ್ಲುಸಕ್ಕರೆಯ ಹಾಗೆ ದುಂಡಗಾಗಿ ಮಬ್ಬಾಗಿತ್ತು. ಹಾಳೆಯ ಬಳೆ ಎಲ್ಲೂ ಬಿರಿದಿರಲಿಲ್ಲ, ಹಪ್ಪಳದಂತೆ ಸ್ವಲ್ಪ ಡೊಂಕಾಗಿತ್ತು. ಅಂಚಿನಲ್ಲಿ ಕತ್ತರಿ ಆಡಿಸಿದ ಗುರುತು.

"ಇದು ನನ್ನ ಬಳೆ ಅಲ್ಲ!" ಎಂದಳು ಚೇತನಾ. "ನಾನು ಅಚ್ಚು ಬಡಿದು ತೆಗೀತೇನೆ, ಕತ್ತರಿ ಮುಟ್ಟೂದೇ ಇಲ್ಲ. ಅಚ್ಚು ನನ್ನ ಬ್ಯಾಗಲ್ಲೇ ಇರ್ತದೆ. ಒಮ್ಮೆ ಬಿಚ್ಚಿದ್ರೆ ಬಳೆ ಪುಡಿ ಆಗ್ತದೆ, ಹಂಗಾಗಿ ಪ್ರತಿ ಸಲ ಹೊಸದು."

ಬುಧವಾರ ಸಂಜೆಯೇ ಅವಳು ಬಿಲ್ಲೆ ಕೂರಿಸಿ, ಶಾಖ ಸಮವಾಗಲೆಂದು ಸಣ್ಣ ಬಿಸಿ ಕೊಟ್ಟು ಹೋಗಿದ್ದಳು. ಗುರುವಾರ ಬೆಳಿಗ್ಗೆ ಪರೀಕ್ಷೆ. ಲ್ಯಾಬಿನ ಬೀಗದ ಕೈ ಸರ್ ಕೋಣೆಯ ಮೊಳೆಯಲ್ಲಿರುತ್ತದೆ ಎಂದು ಗೊತ್ತಿದ್ದದ್ದು ಆ ಮೂವರಿಗೆ ಮಾತ್ರ.

ನಾನು ಥಟ್ಟನೆ ಹೇಳಿದೆ. "ಸುಹಾಸ! ಅವನಿಗೂ ಆ ಸೀಟು ಬೇಕಿತ್ತು. ಕ್ಯಾಂಟೀನಲ್ಲಿ ಇವಳನ್ನ 'ಉಪ್ಪಿನಕಾಯಿ ವಿಜ್ಞಾನಿ' ಅಂತ ಕರೀತಾನೆ, ನಾನೇ ಕೇಳಿದ್ದೇನೆ. ಹೊಟ್ಟೆಕಿಚ್ಚು ಅಕ್ಕಾ, ಮುಖದ ಮೇಲೇ ಕಾಣ್ತದೆ."

"ಈ ಕೂಸನ್ನ ಕುರ್ಚಿ ಮೇಲೆ ಕೂರಿಸಿದಾಗಿಂದ ನಿನ್ನ ಮುಖದ ಮೇಲೂ ಕಾಣ್ತಾ ಇದ್ದು. ಬುಧವಾರ ಸಂಜೆ ನೀ ಎಲ್ಲಿದ್ದೆ, ಹೇಳು ನೋಡನ?"

ಚೇತನಾ ಅಳುವಿನ ನಡುವೆಯೇ ಕಿಸಕ್ಕೆಂದಳು. ನಾನು ಸ್ಕೂಟಿ ತೆಗೆದೆ.

ಲ್ಯಾಬಿನಲ್ಲಿ ಮೂವರೂ ಇದ್ದರು. ಕಾರ್ತಿಕ ಸರ್ ಕಂಗಾಲಾಗಿದ್ದರು. "ಪರಿಮಳಕ್ಕಾ, ನನ್ನ ಪುಸ್ತಕಕ್ಕೆ ಹತ್ತು ವರ್ಷ ಹಿಡೀತು, ಯಾರೂ ಓದಿದ್ವಿಲ್ಲೆ. ಈ ಕೂಸಿನ ಒಂದು ಲೇಖನಕ್ಕೆ ಎಲ್ಲೆಲ್ಲಿಂದಲೋ ಪತ್ರ ಬತ್ತಾ ಇತ್ತು," ಎಂದರು. ಆ ಮಾತಿನಲ್ಲಿ ಹೆಮ್ಮೆ ಎಷ್ಟು, ಉರಿ ಎಷ್ಟು, ನನಗೆ ಬಿಡಿಸಲಾಗಲಿಲ್ಲ.

ಸುಹಾಸ ಶಿರಸಿ ಪೇಟೆಯ ಹುಡುಗ. ಕೈಕಟ್ಟಿ ನಿಂತಿದ್ದ. "ನನಗೆ ಅವಳನ್ನ ಕಂಡ್ರೆ ಆಗೂದಿಲ್ಲ, ಅದೇನು ಗುಟ್ಟಲ್ಲ. ಆದ್ರೆ ಮಷಿನ್ ಮುಟ್ಟಿಲ್ಲ."

ಶ್ರೀಲಕ್ಷ್ಮಿ ಒಬ್ಬಳೇ ಚೇತನಾಳ ಹೆಗಲು ಸವರಿ, "ಬೆಳಿಗ್ಗೆಯಿಂದ ಎಂತಾದ್ರೂ ತಿಂದ್ಯನೇ?" ಎಂದು ಕೇಳಿದಳು. ಅವಳೇ ಎಲ್ಲರಿಗೂ ಹಾಳೆ ತಟ್ಟೆಯಲ್ಲಿ ಅವಲಕ್ಕಿ ಹಾಕಿಕೊಟ್ಟಳು. ತಟ್ಟೆ ಚೆನ್ನಾಗಿದೆ ಎಂದೆ. "ಉಮ್ಮಚಗಿ ಊರಲ್ಲಿ ನಮ್ಮನೆ ತಟ್ಟೆ ಯೂನಿಟ್ಟಿದ್ದೇ. ಪ್ರತಿ ಬೇಸಿಗೆ ರಜೆ ಎಲ್ಲಾ ಅದ್ರ ಎದುರಿಗೇ ಕಳೀತು ನಂದು," ಎಂದು ಬೆರಳ ತುದಿಯ ಸುಟ್ಟ ಕಲೆ ತೋರಿಸಿದಳು. ನಾನಾದರೆ ಅಂಥ ಗೆಳತಿ ಸಿಕ್ಕರೆ ಸಾಕೆಂದುಕೊಂಡೆ.

ಒಂದೂವರೆಗೆ ಅಕ್ಕ ಎಲ್ಲರನ್ನೂ ಮೇಜಿನ ಸುತ್ತ ಸೇರಿಸಿದರು. ಉಪ್ಪಿನ ಬಿಲ್ಲೆಗಳ ಡಬ್ಬಿಯನ್ನು ತಮ್ಮ ಚೀಲದೊಳಗೇ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ಇದ್ದದ್ದು ಮೂರು ತುಂಡು ಒಣ ಹಾಳೆ, ಮೂರು ಕತ್ತರಿ, ಕುಡಿಯುವ ನೀರಿನ ತಂಬಿಗೆ, ಲೋಟ.

"ಮೂರು ಗಂಟೆಗೆ ಮತ್ತೆ ಪ್ರಯೋಗ ಮಾಡಕ್ಕು. ಚೇತನಾಗೆ ಅಚ್ಚು ಬಡಿಯಷ್ಟು ಪುರ್ಸೊತ್ತಿಲ್ಲೆ. ಒಂದೊಂದು ಬಳೆ ಕತ್ರಿಸ್ಕೊಡಿ, ಚೆನಾಗಿದ್ದದ್ದು ಆರ್ಸ್ಕ್ಯಂಬ."

ಸುಹಾಸ ಕತ್ತರಿ ಹಾಕಿದ್ದೇ ಹಾಳೆ ಪಟ್ಟೆಂದು ಸೀಳಿತು. "ಥೂ!" ಎಂದ. ಕಾರ್ತಿಕ ಸರ್ ಕನ್ನಡಕ ಏರಿಸಿ ನಿಧಾನವಾಗಿ ಅರ್ಧ ಸುತ್ತು ಬಂದರು, ಅವರದ್ದೂ ಬಿರಿಯಿತು. ಶ್ರೀಲಕ್ಷ್ಮಿ ಸುಹಾಸನನ್ನು ನೋಡಿ ನಕ್ಕಳು. ನಗುತ್ತಲೇ ಎಡಗೈಯನ್ನು ತಂಬಿಗೆಯಲ್ಲಿ ಅದ್ದಿ, ಒದ್ದೆ ಅಂಗೈಯನ್ನು ಹಾಳೆಯ ಎರಡೂ ಮೈಗೆ ಸವರಿ, ಕತ್ತರಿ ತಿರುಗಿಸಿದಳು. ಬೆಣ್ಣೆ ಕತ್ತರಿಸಿದ ಹಾಗೆ ಪೂರ್ತಿ ಬಳೆ ಹೊರಬಂತು.

ಅಕ್ಕ ಪೊಟ್ಟಣ ಬಿಚ್ಚಿ ನಿನ್ನೆಯ ಬಳೆಯನ್ನು ಅದರ ಪಕ್ಕಕ್ಕಿಟ್ಟರು. ಮತ್ತೆ ಅಂಚು ಕರಗಿದ ಬಿಲ್ಲೆಯನ್ನಿಟ್ಟರು. ಶ್ರೀಲಕ್ಷ್ಮಿಯ ನಗು ಅಲ್ಲೇ ನಿಂತಿತು.

"ಎಂತ ನಡದ್ದು ಹೇಳಿ ಹೇಳ್ತೆ, ಕೇಳಿ," ಎಂದರು ಅಕ್ಕ. "ಉಪ್ಪಿನೊಳಗೆ ಶಾಖ ಹರಿಯದು ಅಣುಗಳ ನಡುಕದಿಂದ. ಮದ್ವೆ ಮನೇಲಿ ಸಾಲಾಗಿ ನಿಂತು ಪಾತ್ರೆ ದಾಟಿಸ್ತ ನೋಡಿ, ಹಂಗೆ. ಜನ ಒತ್ತೊತ್ತಾಗಿ ನಿಂತ್ರೆ ಪಾತ್ರೆ ಬೇಗ ಮುಂದೆ ಹೋಗ್ತು. ಒತ್ತಿದ ಉಪ್ಪಲ್ಲಿ ಅಣುಗಳು ಹತ್ರ ಬತ್ತ, ನಡುವಿನ ಹಿಡಿತ ಬಿಗಿ ಆಗ್ತು, ನಡುಕ ಬೇಗ ದಾಟ್ತು. ಚೇತನಾ ಕಂಡಿದ್ದು ಅದನ್ನೇ. ಉಕ್ಕಿನ ಕತೆ ಬೇರೆ. ಅದ್ರಲ್ಲಿ ಶಾಖ ಹೊರದು ಹೆಚ್ಚಾಗಿ ಇಲೆಕ್ಟ್ರಾನು. ಇಷ್ಟು ಒತ್ತಡ ಅದ್ಕೆ ಲೆಕ್ಕಕ್ಕೇ ಇಲ್ಲೆ."

"ಹಂಗಾರೆ ಒಂಬತ್ತು..." ಕಾರ್ತಿಕ ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಹ್ಞಾಂ. ಒತ್ತೋ ಮೊದಲೇ ಒಂಬತ್ತು ಅಂದ್ರೆ ಶಾಖಕ್ಕೆ ಬೇರೆ ಸಲೀಸು ದಾರಿ ಸಿಕ್ಕಿತ್ತು. ಒತ್ತಿದ್ರೂ ಕದಲ್ದೇ ಇದ್ದದ್ದು ಅಂದ್ರೆ ಆ ದಾರಿ ಉಕ್ಕು. ಬಿಲ್ಲೆಯಷ್ಟೇ ಎತ್ತರದ ಮೂರು ಉಕ್ಕಿನ ಚೂರು, ಹಾಳೆ ಬಳೆಯ ಒಳಗೆ, ಕಾಣದ ಹಾಗೆ. ತಾಮ್ರದ ಮೇಲೆ ಮೂರು ಗುಳಿ ಅದ್ರದ್ದೇ. ಭಾರನೂ ಅವೇ ಹೊತ್ತ, ಶಾಖನೂ ಅವೇ ದಾಟ್ಸಿದ. ನಡುವಿದ್ದ ಉಪ್ಪಿಗೆ ಒತ್ತಡ ಮುಟ್ಟಿದ್ದೇ ಇಲ್ಲೆ, ಹಂಗಾಗಿ ತಾಮ್ರದ ನಡುಮೈ ನುಣ್ಣಗೆ ಉಳತ್ತು."

"ಯಾರು ಬೇಕಾದ್ರೂ ಇಡಬಹುದಿತ್ತಲ್ಲ?" ಸುಹಾಸ ಕೇಳಿದ.

"ಉಕ್ಕು ಯಾರು ಬೇಕಾರೂ ಇಡ್ಲಕ್ಕು. ಆದ್ರೆ ಯಂತ್ರ ಬಿಚ್ಚಿದ ಕೂಡ್ಲೆ ಹಳೇ ಬಳೆ ಪುಡಿ ಆತು. ಅಚ್ಚು ಚೇತನಾ ಬ್ಯಾಗಲ್ಲಿ. ಕೈಯಲ್ಲೇ ಹೊಸ ಬಳೆ ಕತ್ರಿಸಕ್ಕು. ಉಪ್ಪಿನ ಹತ್ರ ನೀರು ತರಲಾಗ ಹೇಳದು ಈ ಲ್ಯಾಬಲ್ಲಿ ಎಲ್ಲರಿಗೂ ಗೊತ್ತಿದ್ದು. ತಲೆಗೆ ಗೊತ್ತಿದ್ದು. ಆದ್ರೆ ಹಾಳೆ ನೆನೆಸ್ದೇ ಮುಟ್ಟಲಾಗ ಹೇಳದು ತಟ್ಟೆ ಒತ್ತೋ ಮನೆಯವ್ರ ಕೈಗೆ ಗೊತ್ತಿದ್ದು. ಗಡಿಬಿಡೀಲಿ ಕೈ ತಲೆಯನ್ನ ಕೇಳ್ತಿಲ್ಲೆ. ಆ ಒದ್ದೆ ಬಳೆ ಉಪ್ಪಿನ ಅಂಚನ್ನ ನೆಕ್ತು, ಬಿಸಿಗೆ ಒಣಗಿ, ಪುಡಿ ಆಗ್ದೇ ಡೊಂಕಾತು. ತಂಗೀ, ನಿನ್ನ ಬಾಯಿಂದ್ಲೇ ಕೇಳಕ್ಕು ಎನಗೆ."

ಶ್ರೀಲಕ್ಷ್ಮಿ ಅಳಲಿಲ್ಲ. ಚೇತನಾಳನ್ನೇ ನೋಡುತ್ತ ಮಾತಾಡಿದಳು. "ಆ ಮಷಿನ್ ನಮ್ಮನೇದು. ಅಪ್ಪನ ಹತ್ರ ಕಾಡಿ ಬೇಡಿ ತಂದವಳು ನಾನು. ಮೊದಲಿನ ರಬ್ಬರ್ ಬಳೆ ಸುಟ್ಟು ನಾತ ಹೊಡೆದಾಗ ಹಾಳೆ ಬಳೆ ಹಾಕಿ ನೋಡು ಅಂದವಳು ನಾನು. ಎಂಟು ತಿಂಗಳು ನೀ ಹೇಳಿದ ಅಂಕಿ ಬರ್ಕೊಂಡು ಕೂತೆ. ಒಂದು ದಿನ, ಒಂದೇ ಒಂದು ದಿನ ನನ್ನ ಕೈಲಿ ಬಿಲ್ಲೆ ಕೂರಿಸಕ್ಕೆ ಬಿಟ್ಯಾ? ಲೇಖನ ಬಂತು. ನನ್ನ ಹೆಸರು ಹುಡುಕಿದೆ. ಇತ್ತು, ಕೊನೇಲಿ, ಕಾಗದ ಒದಗಿಸಿದವರ ಜೊತೆ!"

"ಹಂಗಂತ ನನ್ನ ಸುಳ್ಳಿ ಮಾಡ್ಬೇಕಿತ್ತನೇ?" ಚೇತನಾಳ ದನಿ ಒಡೆಯಿತು.

"ಸುಳ್ಳಿ ಮಾಡ್ಬೇಕು ಅಂತಲ್ಲ. ಒಂದ್ಸಲ ನೀನೂ ಸೋಲದನ್ನ ನೋಡ್ಬೇಕಿತ್ತು ನಂಗೆ."

ಅಕ್ಕ ಚೇತನಾಳ ಕಡೆ ತಿರುಗಿದರು. "ವರದೀಲಿ ಬಳೆ ಬಗ್ಗೆ ಎಂತ ಬರದ್ದೆ?"

ಚೇತನಾ ನೆಲ ನೋಡಿದಳು. "'ಸ್ಥಳೀಯ ನಾರಿನ ಬಳೆಯನ್ನು ಬಳಸಲಾಯಿತು' ಅಂತ... ಇರೂದು ಒಂದೇ ಸೀಟು ಅಕ್ಕಾ. ಎರಡು ಹೆಸರು ಕಂಡ್ರೆ ಯಾರಿಗೆ ಕೊಡ್ತಿದ್ರು?"

ಬೆಳಿಗ್ಗೆಯಿಂದ ಅವಳ ಮೇಲೆ ಉರಿಯುತ್ತಿದ್ದ ನನಗೆ ಅದು ಕೇಳಿ ಖುಷಿಯಾಗಬೇಕಿತ್ತು. ಆಗಲಿಲ್ಲ.

ಕಾರ್ತಿಕ ಸರ್ ಕಾಗದ ಮುಂದಿಟ್ಟರು. ಉಕ್ಕಿನ ಚೂರು ಇಟ್ಟವಳೂ ಬಿಚ್ಚುವಾಗ ಮುಷ್ಟಿಯಲ್ಲಿ ಮುಚ್ಚಿ ತೆಗೆದವಳೂ ತಾನೇ ಎಂದು ಶ್ರೀಲಕ್ಷ್ಮಿ ಬರೆದು, ರುಜು ಹಾಕಿ, ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು. ಯಾರೂ ತಡೆಯಲಿಲ್ಲ.

ಮೂರಕ್ಕೆ ಪರೀಕ್ಷಕರು ಬಂದರು, ಒಬ್ಬ ಹಿರಿಯ ಹೆಂಗಸು, ಒಬ್ಬ ಗಂಡಸು. ಶ್ರೀಲಕ್ಷ್ಮಿಯ ಪತ್ರ ಓದಿ ಮಡಚಿಟ್ಟು, "ಶುರು ಮಾಡಮ್ಮ" ಎಂದರು. ಅಚ್ಚಿನಲ್ಲಿ ತೆಗೆದ ಒಣ ಬಳೆ, ಹೊಸ ಬಿಲ್ಲೆ. ಇಪ್ಪತ್ತು. ಒಂದು ಟನ್. ಎರಡು. ಹತ್ತೊಂಬತ್ತಾಯಿತು. ಸುಹಾಸನೂ ಉಸಿರು ಹಿಡಿದಿದ್ದ, ನಾನು ನೋಡಿದೆ. ಐದು ಟನ್ನಿಗೆ ಹದಿನೇಳು. ಇಳಿಸುತ್ತ ಬಂದರೆ ಮತ್ತೆ ಇಪ್ಪತ್ತರ ಹತ್ತಿರ.

ಹಿರಿಯ ಹೆಂಗಸು ಬಳೆಯ ಪುಡಿಯನ್ನು ಬೆರಳಲ್ಲಿ ಮುಟ್ಟಿದರು. "ಬಿಸಿಯನ್ನ ಹೊರಗೆ ಬಿಡೂದಿಲ್ಲ, ಭಾರಕ್ಕೆ ಬಗ್ತದೆ. ಒಳ್ಳೇ ಉಪಾಯ. ನಿಂದೇನಮ್ಮಾ?"

ಚೇತನಾ ಬಳೆಯ ಪುಡಿ ನೋಡಿದಳು. ಹೌದೆಂದರೆ ಅಲ್ಲೇ ಮುಗಿಯುತ್ತಿತ್ತು. ತಲೆ ಎತ್ತಿ ಹೇಳಿದಳು. "ಅಲ್ಲ ಮೇಡಂ. ಆ ಪತ್ರ ಬರೆದವಳದ್ದು. ಮಷಿನ್ನೂ ಅವಳೇ ತಂದದ್ದು."

"ಕರೀರಿ ಅವಳನ್ನ. ಮಾತಾಡ್ಬೇಕು."

ನಾನು ಸ್ಕೂಟಿ ಹಾರಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಉಮ್ಮಚಗಿ ಮೇಲೆ ಹೋಗುವ ಯಲ್ಲಾಪುರದ ಬಸ್ಸು ಗುರುಗುಟ್ಟುತ್ತಿತ್ತು, ಕಂಡಕ್ಟರು ಬಾಗಿಲು ಹಾಕುತ್ತಿದ್ದ. ಶ್ರೀಲಕ್ಷ್ಮಿ ಕಿಟಕಿಯ ಪಕ್ಕ ಕೂತಿದ್ದಳು. ಸರಳು ಹಿಡಿದು ಏದುಸಿರಲ್ಲೇ ಎಲ್ಲ ಹೇಳಿದೆ. "ಇಳಿ ಮಾರಾಯ್ತಿ, ಮೇಡಂ ಕಾಯ್ತಿದ್ದಾರೆ!"

"ಬಳೆ ನಂದು ಅಂತ ಚೇತನಾನೇ ಹೇಳಿದ್ಲಾ?"

"ಅವಳೇ."

"ಎಲ್ಲಾರ ಎದುರಿಗೆ?"

"ಎಲ್ಲಾರ ಎದುರಿಗೆ."

ಅಲ್ಲಿಯವರೆಗೆ ಅಳದವಳ ಕಣ್ಣು ತುಂಬಿತು. ಮುಖವನ್ನು ಆಚೆ ತಿರುಗಿಸಿದಳು.

"ಹಂಗಾರೆ ಇದ್ರಲ್ಲೂ ಅವಳೇ ಗೆದ್ದಂಗಾತು," ಎಂದಳು. ಬಸ್ಸು ಹೊರಟಿತು.