ಲೈನ್ ಎದ್ದಿತಾ?

"ಲೈನ್ ಎದ್ದಿತಾ, ನಿದ್ದೆರಾಯರೇ?"

ಬೀಜದ ಗೋದಾಮಿನ ಗುಮಾಸ್ತನಿಗೆ ಬೆಳಗಾಗುತ್ತಿದ್ದುದೇ ಫೋನಿನ ಈ ದನಿಯಿಂದ. ದೂರದ ಮುಖ್ಯ ಕಚೇರಿಯಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಬಳಿ ಕೂತು, ತೂಬು ಎತ್ತಿ ಹೊಲಕ್ಕೆ ನೀರು ಹಾಯಿಸುವಂತೆ, ಒಂದೊಂದೇ ಗೋದಾಮಿನ ಕಂಪ್ಯೂಟರ್ ಲೈನನ್ನು ಅವಳು ಕೈಯಾರೆ ತೆರೆಯುತ್ತಿದ್ದಳು. ಅವನದು ಎಲ್ಲಕ್ಕಿಂತ ಕೊನೆಗೆ ಏಳುತ್ತಿತ್ತು. ಅದಕ್ಕೇ ಆ ಹೆಸರು. ಅವನು ಅವಳನ್ನು ಲೈನಮ್ಮ ಎನ್ನುತ್ತಿದ್ದ. ಮುಖ ನೋಡಿರಲಿಲ್ಲ. ನಗುವ ಮೊದಲು ಅವಳು ಚೂರು ಉಸಿರು ಹಿಡಿಯುತ್ತಾಳೆಂಬುದು ಮಾತ್ರ ಗೊತ್ತಿತ್ತು.

ಅಂದು ಮಧ್ಯಾಹ್ನ ಮತ್ತೆ ಫೋನ್ ಬಂತು. ಅವಳು ನಗಲಿಲ್ಲ.

"ನಾಳೆಯಿಂದ ಹೊಸ ನೆಟ್‌ವರ್ಕ್. ಪುಟ ಅದೇ, ಹಸಿರು ಅಕ್ಷರಾನೂ ಅದೇ. ದಾರಿ ಮಾತ್ರ ಬೇರೆ, ಇಂಟರ್ನೆಟ್ ಓಡಾಡೋ ದಾರಿ. ತಾನಾಗೇ ಏಳುತ್ತೆ, ಯಾರೂ ಎಬ್ಬಿಸಬೇಕಿಲ್ಲ."

"ಮತ್ತೆ ನೀವು?"

"ಈ ಕುರ್ಚಿಗಿನ್ನು ಕೆಲಸ ಇಲ್ಲ. ಮನೇಲಿ ಗಂಡು ನೋಡಿದ್ದಾರೆ ಅಂದಿದ್ನಲ್ಲ, ಸಂಜೆ ಉತ್ತರ ಹೇಳ್ಬೇಕು. ಈಗ ಹಳೇ ಲೈನ್ ಮುಚ್ಚಬೇಕು. ಏನಾದ್ರೂ ಕಳಿಸೋದಿದ್ರೆ ಕಳಿಸಿ. ಕಾಯ್ತೀನಿ."

ಅವನು ತನ್ನ ಪರದೆಯ ಮೇಲೆ ಬರೆದ: ಒಪ್ಪಬೇಡಿ. ನಾನಿದ್ದೀನಿ.

ಆ ಯಂತ್ರದ ರೀತಿಯೇ ಹಾಗೆ. ಎಂಟರ್ ಒತ್ತುವ ತನಕ ಬರೆದದ್ದೆಲ್ಲ ಬರೆದವನ ಕಣ್ಣೆದುರೇ ನಿಂತಿರುತ್ತದೆ. ಆ ತುದಿಗೆ ಒಂದಕ್ಷರವೂ ತಲುಪದು. ಬೆರಳು ಗುಂಡಿಯ ಮೇಲಿತ್ತು. ಗಂಡಿಗೆ ಸ್ವಂತ ಮನೆಯಿದೆಯೆಂದು ಅವಳೇ ಹೇಳಿದ್ದು ನೆನಪಾಯಿತು. ತನ್ನ ಬಾಡಿಗೆ ಕೋಣೆ ನೆನಪಾಯಿತು. ಅಂಗಿಯ ತೋಳಿಗೆ ಅಂಟಿದ್ದ ಹೊಟ್ಟನ್ನು ಸುಮ್ಮನೆ ಕೊಡವಿಕೊಂಡ.

"ಬರೆದ್ರಾ? ನನಗೇನೂ ಕಾಣ್ತಿಲ್ಲ."

"ಒಂದ್ನಿಮಿಷ."

"ಸಾಹೇಬ್ರು ತಲೆ ಮೇಲೇ ನಿಂತಿದ್ದಾರೆ ಕಣ್ರೀ..."

ಒತ್ತಿದ. ಅಕ್ಷರಗಳು ಕದಲಲಿಲ್ಲ. ಪರದೆಯ ಅಡಿಯಲ್ಲಿ ಸಂಪರ್ಕ ಕಡಿದಿದೆ ಎನ್ನುವ ಪುಟ್ಟದೊಂದು ಅಡ್ಡಗೀಟಿನ ಗುರುತು ಮೂಡಿತು. ಲೈನು ಮಲಗಿತ್ತು.

"ಅಯ್ಯೋ, ಸಾಹೇಬ್ರೇ ಮುಚ್ಚಿಬಿಟ್ರು. ಏನ್ ಬರೆದಿದ್ರಿ? ಬಾಯಲ್ಲೇ ಹೇಳಿ."

ಬೆರಳಿಗೆ ಬಂದದ್ದು ನಾಲಿಗೆಗೆ ಬರಲಿಲ್ಲ.

"ಏನಿಲ್ಲ. ಜೋಳದ ಬೀಜದ ದಾಸ್ತಾನು. ನಾಳೆ ಹೊಸ ದಾರೀಲಿ ಕಳಿಸ್ತೀನಿ."

ಅವಳು ಉಸಿರು ಹಿಡಿದಳು. ಅದರ ಹಿಂದೆ ನಗು ಬರಲಿಲ್ಲ.

"ಆಗ್ಲಿ. ಚೆನ್ನಾಗಿರಿ, ನಿದ್ದೆರಾಯರೇ."

ಮರುದಿನ ಗುಂಡಿ ಒತ್ತಿದೊಡನೆ ಪರದೆ ಬೆಳಗಿತು. ಎಲ್ಲ ಗೋದಾಮುಗಳೂ ಒಟ್ಟಿಗೇ ಎದ್ದಿದ್ದವು, ಅವನದು ಕೊನೆಯದಾಗಿರಲಿಲ್ಲ. ಅವನು ಫೋನ್ ಎತ್ತಿ, ಯಾವ ನಂಬರೂ ಒತ್ತದೆ, ಗುಂಯ್ ಎನ್ನುತ್ತಿದ್ದ ಅದಕ್ಕೆ ಮೆಲ್ಲಗೆ ಹೇಳಿದ:

"ಎದ್ದಿದೆ, ಲೈನಮ್ಮ."